ನೆಟ್ ನ್ಯೂಟ್ರಾಲಿಟಿಗೆ ‘ತಟಸ್ಥತೆ’ ಸರಿ ಹೊಂದುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ನೆಟ್ ನ್ಯೂಟ್ರಾಲಿಟಿ ಬಗ್ಗೆ ಒಂದು ಪುಟ ಬರೆಯುತ್ತಿದ್ದೇನೆ. ಟೆಲಿಕಾಂ ಕಂಪನಿಗಳು ಎಲ್ಲ ಜಾಲತಾಣ, ಆ್ಯಪ್‌ಗಳ ಡೇಟಾವನ್ನೂ ಭೇದ ಮಾಡದೆ ಸಾಗಿಸಬೇಕು ಅನ್ನುವ ತತ್ವ ಅದು. ಪತ್ರಿಕೆಗಳಲ್ಲಿ ಓದಿದ್ದ ‘ಅಂತರ್ಜಾಲ ತಟಸ್ಥತೆ’ಯನ್ನೇ ಬಳಸಿದ್ದೆ. ಕರಡು ಓದಿದ ಅತ್ತಿಗೆ ಕೇಳಿದರು: “ತಟಸ್ಥ ಅಂದ್ರೆ ಯಾರ ಕಡೆಗೂ ಸೇರದೆ ಸುಮ್ನಿರೋದು ಅಲ್ವಾ? ಇಲ್ಲಿ ಸುಮ್ನಿರೋರು ಯಾರು?”

ಆಗಿನಿಂದ ಆ ಪದ ನನಗೆ ಚುಚ್ಚುತ್ತಿದೆ. ತಟ ಎಂದರೆ ದಡ. ತಟಸ್ಥ ಎಂದರೆ ದಡದಲ್ಲಿ ನಿಂತವನು, ನೀರಿಗೆ ಇಳಿಯದವನು. ಆದರೆ ಡೇಟಾ ಸಾಗಿಸುವ ಟೆಲಿಕಾಂ ಕಂಪನಿ ನೀರಿನಲ್ಲೇ ಇದೆಯಲ್ಲ? ಅದು ಸುಮ್ಮನಿರಲಿ ಅಂತ ಯಾರೂ ಕೇಳುತ್ತಿಲ್ಲ. ಯಾವ ಜಾಲತಾಣವೇ ಆಗಲಿ, ಯಾವ ಆ್ಯಪೇ ಆಗಲಿ, ಒಂದೇ ಥರ ಸಾಗಿಸಲಿ ಅಂತ ಕೇಳುತ್ತಿದ್ದೇವೆ.

ಜನ ಇದನ್ನು ಜೋರಾಗಿಯೇ ಕೇಳಿದ್ದರು. 2015ರಲ್ಲಿ ದೇಶದ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಬಗ್ಗೆ ಅಭಿಪ್ರಾಯ ಕರೆದಾಗ 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ಆಮೇಲೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಂತು. ಆಯ್ದ ಕೆಲವು ತಾಣಗಳು ಪುಕ್ಕಟೆ, ಉಳಿದವಕ್ಕೆ ದುಡ್ಡು. ಅದಕ್ಕೂ ದೊಡ್ಡ ವಿರೋಧ ಎದ್ದಿತು. 2016ರ ಫೆಬ್ರುವರಿ 8ರಂದು ಟ್ರಾಯ್ ಇಂಥ ದರಗಳನ್ನು ತಡೆಯುವ ನಿಯಮ ಹೊರಡಿಸಿತು. ಆ ನಿಯಮದ ಹೆಸರಿನಲ್ಲಿ ‘ನ್ಯೂಟ್ರಾಲಿಟಿ’ ಇಲ್ಲವೇ ಇಲ್ಲ! ಕನ್ನಡದಲ್ಲಿ ಹೇಳುವುದಾದರೆ ಅದು ‘ತಾರತಮ್ಯದ ದರಗಳ ನಿಷೇಧ’. ಏನು ಬೇಕು ಅನ್ನುವುದಕ್ಕಿಂತ ಏನು ಕೂಡದು ಅನ್ನುವುದೇ ಹೆಸರಾಗಿದೆ. ನನಗೆ ಈ ದಾರಿಯೇ ಹಿಡಿಸಿತು.

ಹಾಗೆ ಯೋಚಿಸುವಾಗ ಹೊಳೆದದ್ದು ‘ಪಂಕ್ತಿಭೇದ’. ಒಂದೇ ಸಾಲಿನಲ್ಲಿ ಕೂತಿದ್ದಾರೆ. ಒಬ್ಬರ ಎಲೆಗೆ ತುಪ್ಪ, ಪಕ್ಕದವರಿಗೆ ಬರೀ ಸಾರು. ಮಕ್ಕಳಿಗೆ ತಕ್ಷಣ ಅರ್ಥವಾಗುತ್ತದೆ. ಆದರೆ ಬರೆದ ಮೇಲೆ ಕೈ ತಡೆಯಿತು. ಆ ಪದದಲ್ಲಿ ಜಾತಿಯ ನೋವಿದೆ, ಊಟದ ಸಾಲಿನಿಂದ ಎಬ್ಬಿಸಿಕೊಂಡವರ ನೆನಪಿದೆ. ಡೇಟಾ ಪ್ಯಾಕಿನ ವಿಷಯಕ್ಕೆ ಅದನ್ನು ಎಳೆದು ತರಬಹುದೇ? ನನಗೆ ಮನಸ್ಸು ಬರುತ್ತಿಲ್ಲ. ಆ ನೋವನ್ನು ಬಲ್ಲವರು ಏನನ್ನುತ್ತಾರೆ ಅಂತ ಕೇಳಬೇಕಿದೆ.

‘ಜಾಲ ಸಮಾನತೆ’ ಎಂದರೆ ಎಲ್ಲರ ಮನೆಗೂ ಇಂಟರ್ನೆಟ್ ಸಿಗುವುದು ಎಂದುಕೊಳ್ಳುತ್ತಾರೆ. ಅದು ಬೇರೆಯೇ ಮಾತು. ‘ಅಲಿಪ್ತತೆ’ ಕೇಳಿದರೆ ನೆಹರೂ ಕಾಲದ ವಿದೇಶಾಂಗ ನೀತಿ ನೆನಪಾಗುತ್ತದೆ. ಸದ್ಯಕ್ಕೆ ‘ಭೇದವಿಲ್ಲದ ಜಾಲ’ ಅಂತ ಇಟ್ಟುಕೊಂಡಿದ್ದೇನೆ. ತಲೆಬರಹಕ್ಕೆ ಸರಿ, ಆದರೆ ‘ನೆಟ್ ನ್ಯೂಟ್ರಾಲಿಟಿ ಕಾನೂನು’ ಎನ್ನಬೇಕಾದಾಗ ಅದು ಬಾಗುವುದಿಲ್ಲ.

ನಿಮ್ಮ ಕಡೆ ಯಾವ ಪದ ಬಳಕೆಯಲ್ಲಿದೆ? ಒಂದು ವಾಕ್ಯದಲ್ಲಿ ಇಟ್ಟು ತೋರಿಸಿದರೆ ಇನ್ನೂ ಒಳ್ಳೆಯದು. ಭಾನುವಾರದೊಳಗೆ ಪುಟ ಮುಗಿಸಬೇಕಿದೆ.