ಬೆಂಗಳೂರು ಮಾತ್ರ ಕಡುಕೆಂಪು, ಉಳಿದದ್ದೆಲ್ಲ ಬಿಳಿಚು: ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್‌ನಲ್ಲಿ ನೀವು ಬಣ್ಣ ಹೇಗೆ ಹಾಕ್ತೀರಿ?

ಪ್ರಶ್ನೆ: 2011ರ ಜನಗಣತಿ ಇಟ್ಟುಕೊಂಡು ಕರ್ನಾಟಕದ ಜಿಲ್ಲಾವಾರು ಜನಸಾಂದ್ರತೆಯ ನಕ್ಷೆ ಮಾಡುತ್ತಿದ್ದೇನೆ. ಸಿಂಬಾಲಜಿಯಲ್ಲಿ (ಬಣ್ಣ, ಗೆರೆ ಹೊಂದಿಸುವ ಜಾಗ) ಗ್ರಾಜುಯೇಟೆಡ್ (ಅಂಕಿಯ ಪ್ರಕಾರ ಬಣ್ಣ) ಆರಿಸಿ ಐದು ಕ್ಲಾಸ್ (ಗುಂಪು) ಕೊಟ್ಟೆ. ಬೆಂಗಳೂರು ನಗರ ಜಿಲ್ಲೆ ಕಡುಕೆಂಪು, ಉಳಿದ ರಾಜ್ಯವೆಲ್ಲ ಒಂದೇ ಬಿಳಿಚು ಬಣ್ಣ. ಮೇಲೆ ರಸ್ತೆ ಲೇಯರ್ ಹಾಕಿದರಂತೂ ಗಜಿಬಿಜಿ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1: ಮೋಡ್ (ಗುಂಪು ಮಾಡುವ ರೀತಿ) ಈಕ್ವಲ್ ಇಂಟರ್ವಲ್ ಇದೆ, ಅಲ್ವಾ? ಲೆಕ್ಕ ನೋಡಿ. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರದಲ್ಲಿ 4,381. ಇದನ್ನು ಐದು ಸಮಪಾಲು ಮಾಡಿದರೆ ಮೊದಲ ಪಾಲಿನ ಮೇಲಿನ ಗಡಿಯೇ 980 ದಾಟುತ್ತದೆ. ಬೆಂಗಳೂರು ನಗರ ಬಿಟ್ಟರೆ 500 ದಾಟಿದ ಜಿಲ್ಲೆಯೇ ಇಲ್ಲ. ಹಾಗಾಗಿ 29 ಜಿಲ್ಲೆಗಳು ಒಂದೇ ಕ್ಲಾಸಿಗೆ ಬಿದ್ದಿವೆ, ನಡುವಿನ ಮೂರು ಬಣ್ಣ ಖಾಲಿ ಕೂತಿವೆ.

ಈಕ್ವಲ್ ಕೌಂಟ್ ಹಾಕಿದರೆ ನಕ್ಷೆ ಚೆಂದ ಕಾಣುತ್ತದೆ, ಆದರೆ ಅದೂ ಮೋಸವೇ. ಬಣ್ಣಕ್ಕೆ ಆರಾರು ಜಿಲ್ಲೆ ಹಂಚಿಬಿಡುತ್ತದೆ. 476 ಇರುವ ಮೈಸೂರು, 4,381ರ ಬೆಂಗಳೂರು ಎರಡಕ್ಕೂ ಒಂದೇ ಬಣ್ಣ! ನಾನು ಇಂಥ ಕಡೆ ಗಡಿಗಳನ್ನು ಕೈಯಿಂದಲೇ ಕೊಡುತ್ತೇನೆ. ಕ್ಲಾಸ್ ಪಟ್ಟಿಯಲ್ಲಿ ವ್ಯಾಲ್ಯೂ ಮೇಲೆ ಡಬಲ್ ಕ್ಲಿಕ್ ಮಾಡಿ 200, 250, 319, 500 ಅಂತ ಬರೆಯಿರಿ. 319 ರಾಜ್ಯದ ಸರಾಸರಿ. ಅದು ಗಡಿಯಾಗಿದ್ದರೆ ನೋಡುವವರಿಗೆ 'ನಮ್ಮ ಜಿಲ್ಲೆ ಸರಾಸರಿಗಿಂತ ಮೇಲಾ, ಕೆಳಗಾ' ಅಂತ ತಕ್ಷಣ ಗೊತ್ತಾಗುತ್ತದೆ. ಬೆಂಗಳೂರು ಒಂಟಿಯಾಗಿ ಕೊನೆಯ ಕ್ಲಾಸಿನಲ್ಲಿ ಇರಲಿ ಬಿಡಿ, ಅದು ಇರುವುದೇ ಹಾಗೆ.

ಬಣ್ಣ ಒಂದೇ ಇರಲಿ, ತಿಳಿಯಿಂದ ಕಡುವಿಗೆ ಹೋಗಲಿ. ಕಾಮನಬಿಲ್ಲು ಬೇಡ. ಜೆರಾಕ್ಸ್ ಮಾಡಿದ ಮೇಲೆ ಯಾವುದು ಜಾಸ್ತಿ ಯಾವುದು ಕಮ್ಮಿ ಅಂತ ಯಾರಿಗೂ ತಿಳಿಯುವುದಿಲ್ಲ.

ಉತ್ತರ 2: ಬಣ್ಣಕ್ಕಿಂತ ಮೊದಲು ಶೇಪ್‌ಫೈಲ್ (ಜಿಲ್ಲಾ ಗಡಿಗಳಿರುವ ಫೈಲ್) ನೋಡಿ ಸಾರ್. ಅದರಲ್ಲಿ 31 ಜಿಲ್ಲೆ ಇದ್ದರೆ 2021ರಲ್ಲಿ ಆದ ವಿಜಯನಗರಕ್ಕೆ ಜನಗಣತಿ ಅಂಕಿಯೇ ಸಿಗುವುದಿಲ್ಲ, ಆ ಜಾಗ ತೂತಾಗಿ ಕಾಣುತ್ತದೆ. ಅದನ್ನು ಬಳ್ಳಾರಿಗೆ ಸೇರಿಸಿದರೂ ಸರಿಹೋಗದು. ಈಗ ವಿಜಯನಗರದಲ್ಲಿರುವ ಹರಪನಹಳ್ಳಿ ತಾಲೂಕು 2011ರಲ್ಲಿ ದಾವಣಗೆರೆಯಲ್ಲಿತ್ತು. ಸುಮ್ನೆ 2011ರ ಗಡಿಯ ಫೈಲನ್ನೇ ಹುಡುಕಿ.

ಉತ್ತರ 3: ರಸ್ತೆ ಬಗ್ಗೆ ನಾನು ಹೇಳ್ತೀನಿ, ದಿನಾ ಅದೇ ಕೆಲಸ. ಒಂದೇ ಸಿಂಬಲ್ ಒಳಗೆ ಎರಡು ಗೆರೆ ಇಡಿ: ಕೆಳಗೆ ಬೂದು ಬಣ್ಣದ ದಪ್ಪ ಗೆರೆ, ಮೇಲೆ ಬಿಳಿಯ ತೆಳು ಗೆರೆ. ಆಗ ಯಾವ ಬಣ್ಣದ ಜಿಲ್ಲೆಯ ಮೇಲೆ ಹಾದುಹೋದರೂ ರಸ್ತೆ ಎದ್ದು ಕಾಣುತ್ತದೆ. ಆದರೆ ಸರ್ಕಲ್‌ಗಳಲ್ಲಿ ಬೂದು ಅಂಚು ಬಿಳಿ ರಸ್ತೆಗೆ ಅಡ್ಡ ಬರುತ್ತದೆ. ಕೆಳಗಿನ ಅಡ್ವಾನ್ಸ್ಡ್ ಬಟನ್ ಒತ್ತಿ ಸಿಂಬಲ್ ಲೆವೆಲ್ಸ್ (ಯಾವ ಗೆರೆ ಮೊದಲು ಬಿಡಿಸಬೇಕು ಅನ್ನುವ ಕ್ರಮ) ಆನ್ ಮಾಡಿ, ಬೂದಿಗೆ 0, ಬಿಳಿಗೆ 1 ಕೊಡಿ. ಕೂಡುರಸ್ತೆ ನೀಟಾಗಿ ಬೆಸೆದುಕೊಳ್ಳುತ್ತದೆ.

ಇಡೀ ರಾಜ್ಯದ ನಕ್ಷೆಗೆ ಹೆದ್ದಾರಿ ಸಾಕು, ಹಳ್ಳಿ ರಸ್ತೆ ಬೇಡವೇ ಬೇಡ. ರೂಲ್-ಬೇಸ್ಡ್‌ನಲ್ಲಿ (ನಿಯಮ ಬರೆದು ಗೆರೆ ತೋರಿಸುವ ಆಯ್ಕೆ) ಸ್ಕೇಲ್ ಮಿತಿ ಕೊಟ್ಟರೆ ಜೂಮ್ ಮಾಡಿದಾಗ ಮಾತ್ರ ಸಣ್ಣ ರಸ್ತೆ ಬರುತ್ತದೆ.

ಪ್ರಶ್ನೆ ಕೇಳಿದವರು: ಗಡಿ ಬದಲಿಸಿದೆ, ಮಲೆನಾಡು ಈಗ ಬೇರೆಯಾಗಿ ಕಾಣ್ತಿದೆ. ತುಂಬಾ ಥ್ಯಾಂಕ್ಸ್! ಇದೇ ಸ್ಟೈಲನ್ನು ಸಾಕ್ಷರತೆ ನಕ್ಷೆಗೂ ಹಾಕಬಹುದಾ?

ಉತ್ತರ 1: ಬಣ್ಣಗಳನ್ನು ಹಾಕಬಹುದು, ಕ್ಯೂಎಂಎಲ್ (ಸ್ಟೈಲ್ ಉಳಿಸುವ) ಫೈಲಾಗಿ ಸೇವ್ ಮಾಡಿಟ್ಟುಕೊಳ್ಳಿ. ಅಲ್ಲಿ ಲೋಡ್ ಮಾಡಿದ ಮೇಲೆ ಕಾಲಂ ಬದಲಿಸಿ, ಗಡಿಗಳನ್ನು ಹೊಸದಾಗಿ ಕೊಡಿ. ಶೇಕಡಾವಾರಿಗೆ 319 ಗಡಿ ಇಟ್ಟರೆ ಇಡೀ ಕರ್ನಾಟಕ ಮತ್ತೆ ಬಿಳಿಚಾದೀತು.