ಪದಚರ್ಚೆ: ‘ಬಿಲ್ಡಿಂಗ್ ಎನ್ವಲಪ್’ ಎಂಬುದಕ್ಕೆ ಹೊದಿಕೆಯೋ, ಕವಚವೋ, ಹೊರಮೈಯೋ?

ಎಲ್ಲರಿಗೂ ನಮಸ್ಕಾರ.

ಉಡುಪಿ, ಮಂಗಳೂರು ಕಡೆಯಲ್ಲಿ ಹೊಸದಾಗಿ ಮನೆ ಕಟ್ಟಿಸುವವರಿಗೆಂದು, ಸೆಖೆಗಾಲದಲ್ಲಿ ಮನೆಯನ್ನು ತಂಪಾಗಿಟ್ಟುಕೊಂಡು ಕರೆಂಟ್ ಬಿಲ್ಲನ್ನು ತಗ್ಗಿಸುವುದು ಹೇಗೆ ಎಂಬ ಬಗ್ಗೆ ಕನ್ನಡದಲ್ಲಿ ಒಂದು ಕಿರುಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ‘ಬಿಲ್ಡಿಂಗ್ ಎನ್ವಲಪ್’ಗೆ ಯಾವ ಪದ ಸರಿಹೊಂದೀತು ಎಂಬುದು ನನ್ನ ಪ್ರಶ್ನೆ.

ಮಾಡು ಅಥವಾ ತಾರಸಿ, ಹೊರಗೋಡೆಗಳು, ಕಿಟಕಿ, ಬಾಗಿಲು, ವೆಂಟಿಲೇಟರ್, ನೆಲ, ಹೀಗೆ ಮನೆಯ ಒಳಗನ್ನು ಹೊರಗಿನಿಂದ ಬೇರ್ಪಡಿಸುವ ಭಾಗಗಳೆಲ್ಲ ಸೇರಿದರೆ ಎನ್ವಲಪ್ ಆಗುತ್ತದೆ. ಬಿಸಿಲಿನ ಕಾವು ಒಳಗೆ ಇಳಿಯುವುದೂ ಗಾಳಿ ಆಡುವುದೂ ಮಳೆಯ ಎರಚಲು ಹೊರಗೇ ಉಳಿಯುವುದೂ ಇದರ ಗುಣವನ್ನೇ ಅವಲಂಬಿಸಿವೆ. ಅಂಚೆಯ ಲಕೋಟೆಯನ್ನು ನೆನಪಿಸುವ ಪದ ಇಲ್ಲಿ ಸಲ್ಲದು. ‘ಆವರಣ’ ಎಂದರೆ ಓದುಗರು ಕಂಪೌಂಡಿನ ಒಳಗಿನ ಜಾಗ ಎಂದು ತಿಳಿಯುತ್ತಾರೆ.

‘ಹೊದಿಕೆ’ ಮೊದಲ ನೋಟಕ್ಕೆ ಚೆನ್ನಾಗಿಯೇ ಇದೆ. ಆದರೆ ನಮ್ಮ ಕಡೆ ಮುಳಿಹುಲ್ಲು ಹೊದಿಸುವುದು, ಹಂಚು ಹೊದಿಸುವುದು ಎಂಬ ಮಾತುಗಳು ಮಾಡಿಗೆ ಮಾತ್ರ ಸಲ್ಲುತ್ತವೆ. ಹಾಗಾಗಿ ‘ಮನೆಯ ಹೊದಿಕೆ’ ಎಂದು ಓದಿದವರ ಮನಸ್ಸಿನಿಂದ ಗೋಡೆ, ಕಿಟಕಿಗಳು ಜಾರಿಹೋಗುತ್ತವೆ. ಪಡುವಣ ಗೋಡೆಗೆ ಸಂಜೆಯವರೆಗೂ ಹೊಡೆಯುವ ಬಿಸಿಲಿನ ವಿಷಯವನ್ನು ಆ ಪದದಡಿ ಹೇಳುವುದು ಕಷ್ಟ.

‘ಕವಚ’ದ ಬಗ್ಗೆ ನನಗಿರುವ ಆಕ್ಷೇಪ ಇನ್ನೂ ದೊಡ್ಡದು. ಸಂದಿಲ್ಲದೆ ಮುಚ್ಚಿ ಕಾಯುವುದೇ ಕವಚದ ಗುಣವಾದ್ದರಿಂದ, ಬಿಸಿಮಾಡಿದ ಗಾಳಿ ಸೋರಿಹೋಗದಂತೆ ನೋಡಿಕೊಳ್ಳಬೇಕಾದ ಚಳಿನಾಡಿನ ಮನೆಗಳಿಗೆ ಅದು ಒಪ್ಪುತ್ತದೆ. ಕರಾವಳಿಯಲ್ಲಿ ಹಾಗಲ್ಲ. ಇಲ್ಲಿನ ತೇವದ ಗಾಳಿಯಲ್ಲಿ ಬೆವರು ಆರಬೇಕಾದರೆ ಗಾಳಿ ಮನೆಯೊಳಗೆ ಹಾದುಹೋಗಲೇಬೇಕು. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ಹೊರಬಂದ ‘ಇಕೋ ನಿವಾಸ್ ಸಂಹಿತಾ’ ಎಂಬ ಕೇಂದ್ರ ಸರ್ಕಾರದ ನಿಯಮಾವಳಿಯೂ, ಬಿಸಿ ಮತ್ತು ತೇವದ ಹವೆಯ ಊರುಗಳಲ್ಲಿ ತೆರೆಯಬಹುದಾದ ಕಿಟಕಿ, ಬಾಗಿಲು, ವೆಂಟಿಲೇಟರುಗಳ ವಿಸ್ತಾರ ನೆಲದ ವಿಸ್ತೀರ್ಣದ 16.66 ಶೇಕಡಕ್ಕೆ, ಅಂದರೆ ಆರನೆಯ ಒಂದು ಪಾಲಿಗೆ, ಕಡಿಮೆಯಿರಬಾರದು ಎನ್ನುತ್ತದೆ. ಏಸಿ ಹಾಕಿದ ಕೋಣೆಯ ಸಂದುಗಳನ್ನು ಮುಚ್ಚಬೇಕು ಎಂಬುದು ನಿಜ. ಇಡೀ ಮನೆಯನ್ನೇ ಹಾಗೆ ಮುಚ್ಚುವಂತೆ ಸೂಚಿಸುವ ಪದ ಮಾತ್ರ ಬೇಡ.

ನನ್ನ ಒಲವು ‘ಹೊರಮೈ’ ಕಡೆಗಿದೆ. ಗೋಡೆ ಬೆವರುತ್ತದೆ, ಗೋಡೆ ಬಿಸಿಲಿಗೆ ಮೈಯೊಡ್ಡಿದೆ ಎಂದು ನಾವು ಆಡುತ್ತಲೇ ಇರುವುದರಿಂದ ಇದು ಹೊರಗಿನಿಂದ ತಂದು ಅಂಟಿಸಿದಂತೆ ಕೇಳಿಸುವುದಿಲ್ಲ. ತಡೆಯುವುದನ್ನೂ ಉಸಿರಾಡುವುದನ್ನೂ ಒಟ್ಟಿಗೆ ಸೂಚಿಸಬಲ್ಲ ಶಕ್ತಿಯೂ ಇದಕ್ಕಿದೆ. ಹೊರಮೈ ಎಂದರೆ ಬಣ್ಣ ಬಳಿಯುವ ಮೇಲುಭಾಗ ಮಾತ್ರವಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆ ಅರ್ಥಕ್ಕೆ ‘ಮೇಲ್ಮೈ’ಯನ್ನು ಮೀಸಲಿಟ್ಟು, ಪದರಗಳನ್ನೂ ತೆರವುಗಳನ್ನೂ ಒಳಗೊಂಡ ಇಡೀ ಕಟ್ಟಿಗೆ ‘ಹೊರಮೈ’ ಎಂದು ಮೊದಲ ಬಳಕೆಯಲ್ಲಿಯೇ ವಿವರಿಸಿದರೆ ಗೊಂದಲ ಉಳಿಯಲಾರದು ಎಂದುಕೊಂಡಿದ್ದೇನೆ.

‘ಇನ್ಸುಲೇಶನ್’ಗೆ ‘ಶಾಖನಿರೋಧ’ ಸಾಕು. ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ತೊಡಕಿದೆ. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿ, ರಾತ್ರಿ ಮಲಗುವ ಹೊತ್ತಿಗೆ ಆ ಕಾವನ್ನು ಕೋಣೆಯೊಳಕ್ಕೆ ಬಿಡುತ್ತದೆ. ಫ್ಯಾನು ಹಾಕಿದರೆ ಬೀಸುವುದು ಬಿಸಿಗಾಳಿ. ಚಾವಣಿಯ ಮೂಲಕ, ಒಳಗಿನ ಮತ್ತು ಹೊರಗಿನ ಉಷ್ಣತೆಯಲ್ಲಿನ ಒಂದು ಡಿಗ್ರಿ ವ್ಯತ್ಯಾಸಕ್ಕೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಸಾಗಬಾರದು ಎಂಬುದು ಸಂಹಿತೆಯ ಮಿತಿ, ಬರಿಯ ತಾರಸಿಯಲ್ಲಿ ಸಾಗುವುದು ಇದಕ್ಕಿಂತ ಬಹಳ ಹೆಚ್ಚು. ಹೀಗೆ ಶಾಖವನ್ನು ಹಾಯಗೊಡುವ ಗುಣ ಬೇರೆ, ಅದನ್ನು ಒಳಗೆ ತುಂಬಿಕೊಂಡು ನಿಧಾನವಾಗಿ ಬಿಡುವ ಗುಣ ಬೇರೆ. ಮೊದಲನೆಯದಕ್ಕೆ ‘ಶಾಖವಾಹಕತೆ’ ಎನ್ನುವುದು ಸರಿಯಾಗದು, ಏಕೆಂದರೆ ಅದು ವಸ್ತುವಿನ ಗುಣ, ದಪ್ಪವೂ ಪದರಗಳೂ ಸೇರಿದ ಚಾವಣಿಯದ್ದಲ್ಲ. ‘ಶಾಖ ಸಾಗುವ ದರ’ ಎಂದು ಬರೆದಿದ್ದೇನೆ. ಎರಡನೆಯದಕ್ಕೆ ‘ಕಾವು ಹಿಡಿಯುವುದು’ ಎಂಬ ಆಡುಮಾತೇ ಒಳ್ಳೆಯದು ಅನ್ನಿಸಿದೆ.

ಕೊನೆಯದಾಗಿ, ಸೋರುವುದನ್ನು ತಡೆಯಲೆಂದೂ ಬಿಸಿಲಿಗೆಂದೂ ನಮ್ಮಲ್ಲಿ ಅನೇಕರು ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹಾಕಿಸುತ್ತಾರೆ. ಶೀಟು ನೆರಳು ಕೊಡುತ್ತದೆ, ಅದರಡಿಯ ಕಾದ ಗಾಳಿ ಬದಿಯ ತೆರವುಗಳಿಂದ ಹೊರಟುಹೋಗುತ್ತದೆ. ಬದಿಗಳನ್ನು ಪೂರ್ತಿ ಮುಚ್ಚಿಬಿಟ್ಟರೆ ಲಾಭ ಕುಗ್ಗುತ್ತದೆ. ಹಂಚಿನ ಮಾಡಿನ ಕೆಳಗೆ ಮರದ ಮುಚ್ಚಿಗೆಯಿದ್ದ ಹಳೆಯ ಮನೆಗಳಲ್ಲಿ ನಡುವಿನ ಜಾಗವನ್ನು ‘ಅಟ್ಟ’ ಎನ್ನುತ್ತಿದ್ದರು. ಶೀಟಿಗೂ ತಾರಸಿಗೂ ನಡುವಿನ ಗಾಳಿಯಾಡುವ ಈ ಜಾಗಕ್ಕೆ ಕುಂದಾಪುರ, ಕಾರ್ಕಳ, ಬಂಟ್ವಾಳ ಕಡೆಯ ಮೇಸ್ತ್ರಿಗಳೂ ವೆಲ್ಡಿಂಗ್ ಕೆಲಸದವರೂ ಏನೆನ್ನುತ್ತಾರೆ? ಅವರ ಬಾಯಲ್ಲಿ ಕೇಳಿದ ಮಾತು, ಅದು ತುಳುವಿನದಾದರೂ ಸರಿ, ಯಾರಿಗಾದರೂ ಗೊತ್ತಿದ್ದರೆ ಯಾವ ಊರಿನದೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.

ವಂದನೆಗಳು.