ಡೇಟೋನಾ 500ಕ್ಕೆ ಮುಂಚೆ ಅಂಕಿಅಂಶದ ಹಾಳೆ: ಯಾವ ಲೆಕ್ಕ ಇಟ್ಕೋಬೇಕು, ಯಾವುದು ಬಿಡಬೇಕು?

ಶಿರಾಗೇಟ್_ಸ್ಪ್ಯಾನರ್, ತುಮಕೂರು

ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾಸ್ಕಾರ್ ಕಾರ್ ರೇಸ್ ಡೇಟೋನಾ 500 ನೋಡೋಕೆ ಇಲ್ಲಿ ಶಿರಾ ಗೇಟ್ ಹತ್ತಿರ ಒಂದು ಗ್ಯಾರೇಜಲ್ಲಿ ಹತ್ತು ಹನ್ನೆರಡು ಜನ ಸೇರ್ತಿದೀವಿ. ಅರ್ಧಕ್ಕರ್ಧ ಜನ ಎಫ್1 ನೋಡೋರು, ನಾಸ್ಕಾರ್ ಅವರಿಗೆ ಹೊಸದು. ರೇಸ್ ಶುರುವಾಗೋ ಮುಂಚೆ ಗೋಡೆಗೆ ಅಂಟಿಸೋಕೆ ಒಂದು ಹಾಳೆ ಮಾಡಬೇಕು: ಇತಿಹಾಸ ಸ್ವಲ್ಪ, ಅಂಕಿಅಂಶ ಸ್ವಲ್ಪ, ರೇಸ್ ನಡೀತಿರುವಾಗ ಏನು ಗಮನಿಸಬೇಕು ಅನ್ನೋದು ಸ್ವಲ್ಪ.

2015ರಿಂದ 2025ರ ತನಕದ ಫಲಿತಾಂಶ ಎಕ್ಸೆಲ್‌ಗೆ ಹಾಕಿ ಪ್ರತಿ ಡ್ರೈವರ್‌ನ ಸರಾಸರಿ ಸ್ಥಾನ ತೆಗೆದಿದೀನಿ. ಆ ಪಟ್ಟಿಗೂ ನಿಜವಾಗಿ ಗೆದ್ದವರ ಪಟ್ಟಿಗೂ ತಾಳೆನೇ ಆಗ್ತಿಲ್ಲ. ಫಾರ್ಮುಲಾ ಎರಡು ಸಲ ನೋಡಿದೆ, ಸರಿ ಇದೆ. ಎಲ್ಲಿ ಎಡವಿದೀನಿ? ಇನ್ನೊಂದು, ಹಳೇ ದಾಖಲೆಗಳನ್ನ ಈಗಿನವುಗಳ ಪಕ್ಕದಲ್ಲೇ ಇಟ್ಟು ಹೋಲಿಸಬಹುದಾ?

*

ಚಿಂತಾಮಣಿ_43

ಲೆಕ್ಕ ತಪ್ಪಿಲ್ಲ ಸರ್. ಆ ಟ್ರ್ಯಾಕಿಗೆ ಸರಾಸರಿ ಅನ್ನೋ ಅಳತೆಗೋಲೇ ಹೊಂದಲ್ಲ.

ಡೇಟೋನಾದಲ್ಲಿ ಮೂವತ್ತು ನಲವತ್ತು ಕಾರು ಒಂದೇ ಗುಂಪಾಗಿ, ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ, ಬಂಪರಿಗೆ ಬಂಪರ್ ತಾಗಿಸಿಕೊಂಡು ಓಡ್ತವೆ. ಮುಂದೆ ಒಬ್ಬ ಅಲುಗಿದರೆ ಹಿಂದಿನ ಹದಿನೈದು ಇಪ್ಪತ್ತು ಕಾರು ರಾಶಿ ಬೀಳ್ತವೆ. ಅಲ್ಲಿಯವರು ಅದನ್ನ ಬಿಗ್ ಒನ್ ಅಂತಾರೆ. ಆ ಗಳಿಗೆ ತನಕ 3ನೇ ಸ್ಥಾನದಲ್ಲಿದ್ದವನು ದಾಖಲೆಯಲ್ಲಿ 36ನೆಯವನಾಗಿಬಿಡ್ತಾನೆ. ಉದಾಹರಣೆಗೆ ಒಬ್ಬನ ಐದು ರೇಸಿನ ಸ್ಥಾನ 2, 4, 38, 3, 36 ಅಂತಿಟ್ಕೊಳ್ಳಿ. ಸರಾಸರಿ 16.6. ಅವನು 16ರ ಹತ್ತಿರ ಒಂದು ಸಲಾನೂ ಮುಗಿಸಿಲ್ಲ! ಮಧ್ಯಾಂಕ, ಅಂದರೆ ಏರಿಕೆ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರೋದು, ತೆಗೆದರೆ 4 ಬರುತ್ತೆ, ಅದು ಅವನ ನಿಜವಾದ ಓಟಕ್ಕೆ ಹತ್ತಿರ.

ಹಾಗಾಗಿ ಸ್ಥಾನದ ಪಕ್ಕದಲ್ಲಿ ಇನ್ನೂ ಮೂರು ಕಾಲಂ ಸೇರಿಸಿ. ಒಂದು, ರೇಸ್ ಮುಗಿದಾಗ ಕಾರು ಓಡ್ತಿತ್ತಾ, ಅಪಘಾತದಲ್ಲಿ ಹೋಯ್ತಾ, ಎಂಜಿನ್ ಕೈಕೊಡ್ತಾ. ಎರಡು, ಎಷ್ಟು ಲ್ಯಾಪ್ ಓಡಿದ. ಮೂರು, ಸರಾಸರಿ ಓಡಿದ ಸ್ಥಾನ, ಅಂದರೆ ರೇಸ್ ಪೂರ್ತಿ ಎಷ್ಟನೆಯವನಾಗಿ ಓಡ್ತಿದ್ದ ಅನ್ನೋದು. ಈ ಮೂರನೆಯದು ಟ್ರ್ಯಾಕಿನಲ್ಲಿ ಹುಗಿದಿರೋ ತಂತಿಗಳಿಂದ ಬರೋ ಲೂಪ್ ಡೇಟಾ. 2005ರಿಂದ ಸಿಗುತ್ತೆ, ಅದಕ್ಕೆ ಹಿಂದಿನ ರೇಸ್‌ಗಳಿಗೆ ಹುಡುಕಬೇಡಿ. ಡ್ರೈವರ್ ರೇಟಿಂಗ್ ಅಂತ 150ಕ್ಕೆ ಕೊಡೋ ಅಂಕವೂ ಇದರಿಂದಲೇ ಹುಟ್ಟೋದು. ಆದರೆ ಅದರೊಳಗೆ ಮುಗಿಸಿದ ಸ್ಥಾನವೂ ಸೇರಿರೋದರಿಂದ, ರಾಶಿಯಲ್ಲಿ ಸಿಕ್ಕವನಿಗೆ ಅಲ್ಲೂ ಏಟು ಬೀಳುತ್ತೆ.

ಲ್ಯಾಪ್ ಮುನ್ನಡೆಸಿದ ಸಂಖ್ಯೆಗೂ ಜಾಸ್ತಿ ತೂಕ ಕೊಡಬೇಡಿ. 2017ರಲ್ಲಿ ಕರ್ಟ್ ಬುಷ್, 2018ರಲ್ಲಿ ಆಸ್ಟಿನ್ ಡಿಲನ್, 2021ರಲ್ಲಿ ಮೈಕಲ್ ಮೆಕ್‌ಡೊವೆಲ್, ಮೂವರೂ ಗೆದ್ದರು, ಆದರೆ ಮುನ್ನಡೆಸಿದ್ದು ಒಂದೇ ಒಂದು ಲ್ಯಾಪ್, ಕೊನೆಯದು. ಇದಕ್ಕೆ ತದ್ವಿರುದ್ಧ 2016: ಡೆನ್ನಿ ಹ್ಯಾಮ್ಲಿನ್ 95 ಲ್ಯಾಪ್ ಮುಂದಿದ್ದು, ಕೊನೆಗೆ ಗೆದ್ದ ಅಂತರ 0.010 ಸೆಕೆಂಡ್.

ಪೋಲ್, ಅಂದರೆ ಅರ್ಹತಾ ಸುತ್ತಲ್ಲಿ ಎಲ್ಲರಿಗಿಂತ ವೇಗ ತೋರಿಸಿದವನಿಗೆ ಸಿಗೋ ಮೊದಲ ಜಾಗ, ಅದರ ಬಗ್ಗೆ ಒಂದೇ ಸಾಲು ಬರೆದರೆ ಸಾಕು. ಪೋಲಿಂದ ಹೊರಟು ಡೇಟೋನಾ 500 ಗೆದ್ದ ಕೊನೆಯವನು ಡೇಲ್ ಜ್ಯಾರೆಟ್, 2000ದಲ್ಲಿ. ಆಮೇಲೆ 2025ರ ತನಕ ಯಾರಿಗೂ ಆಗಿಲ್ಲ. ಒಬ್ಬನೇ ಓಡಿ ತೆಗೆಯೋ ವೇಗಕ್ಕೂ ಗುಂಪಲ್ಲಿ ಓಡಿಸೋ ಕೈಗೂ ಸಂಬಂಧ ಕಮ್ಮಿ. ಎಫ್1 ನೋಡೋರಿಗೆ ಇದನ್ನ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಅವರು ಪೋಲ್ ನೋಡಿಯೇ ಗೆಲ್ಲೋನನ್ನ ತೀರ್ಮಾನ ಮಾಡ್ತಾರೆ.

*

ಗೌರಿಬಿದನೂರು ಗೇರ್

ಮಧ್ಯಾಂಕ ಒಪ್ತೀನಿ ಅಣ್ಣ. ಆದರೆ ಅಪಘಾತದ ಸಾಲುಗಳನ್ನ ಪೂರ್ತಿ ಅಳಿಸಬೇಡಿ. ಗುದ್ದಿಕೊಂಡಾಗ ಅವನು ಎಲ್ಲಿದ್ದ ಅನ್ನೋದರಲ್ಲೇ ಸುದ್ದಿ ಇರುತ್ತೆ. ಮುಂದಿನ ನಾಲ್ಕೈದು ಕಾರಲ್ಲಿದ್ದವನು ತಪ್ಪಿಸ್ಕೊಳ್ಳೋ ಸಾಧ್ಯತೆ ಹೆಚ್ಚು, ರಾಶಿ ಅವನ ಬೆನ್ನ ಹಿಂದೆ ಬೀಳುತ್ತೆ. ಎಲ್ಲರಿಗಿಂತ ಹಿಂದೆ ಅರ್ಧ ಲ್ಯಾಪ್ ದೂರ ಉಳಿಯೋನೂ ಬಚಾವ್. ಸಿಕ್ಕಿಹಾಕ್ಕೊಳ್ಳೋದು 8ರಿಂದ 25ರ ನಡುವೆ ಓಡೋರು. ಪ್ರತಿ ವರ್ಷ ಅದೇ ಜಾಗದಲ್ಲಿ ಓಡೋನು ಪ್ರತಿ ವರ್ಷ ಸಿಕ್ಕಿಬಿದ್ದರೆ ಅದು ಬರೀ ದುರದೃಷ್ಟ ಅಲ್ಲ.

ಎರಡನೇ ಪ್ರಶ್ನೆಗೆ ಬರ್ತೀನಿ. ಹಳೇ ದಾಖಲೆ ಹೊಸದರ ಪಕ್ಕ ಹಾಗೇ ಇಡಬೇಡಿ, ಕಾಲಘಟ್ಟ ಮಾಡಿ ಗೆರೆ ಎಳೀರಿ. ಕಾರಣ ಟ್ರ್ಯಾಕಿಂದ ಶುರುವಾಗುತ್ತೆ. ಒಂದು ಸುತ್ತು 2.5 ಮೈಲಿ, 4 ಕಿ.ಮೀ. ಚಿಲ್ಲರೆ. 200 ಸುತ್ತಿಗೆ 500 ಮೈಲಿ, ಹತ್ತಿರಹತ್ತಿರ 805 ಕಿ.ಮೀ. ತಿರುವಿನ ಇಳಿಜಾರು 31 ಡಿಗ್ರಿ. ಅಡ್ಡಲಾಗಿ ಹತ್ತಡಿ ಹೋದರೆ ಆರಡಿ ಎತ್ತರ ಏರುತ್ತೆ, ನಮ್ಮ ಕಡೆ ಹೆಂಚಿನ ಮನೆ ಸೂರು ಇರುತ್ತಲ್ಲ, ಆ ಓರೆ. ಅದರ ಮೇಲೆ ಕಾಲು ತೆಗೆಯದೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಓಡಿಸಬಹುದು. ಬ್ರೇಕ್ ಬೇಡ ಅಂದಮೇಲೆ ವೇಗಕ್ಕೆ ಕಡಿವಾಣ ಹಾಕೋದು ಎಂಜಿನ್ ಮತ್ತು ಗಾಳಿ ಎರಡೇ.

1987ರಲ್ಲಿ ಬಿಲ್ ಎಲಿಯಟ್ ಇಲ್ಲಿ ಕ್ವಾಲಿಫೈ ಮಾಡಿದ್ದು 210.364 ಮೈಲಿ ವೇಗದಲ್ಲಿ, ಅಂದರೆ 338 ಕಿ.ಮೀ., ಒಂದು ಸುತ್ತಿಗೆ 42.783 ಸೆಕೆಂಡ್. ಅದೇ ವರ್ಷ ಇದೇ ಥರದ ಇನ್ನೊಂದು ಟ್ರ್ಯಾಕ್ ಟಾಲಡೆಗಾದಲ್ಲಿ 212.809. ಆ ಟಾಲಡೆಗಾ ರೇಸಲ್ಲೇ ಬಾಬಿ ಆಲಿಸನ್ ಕಾರಿನ ಟೈರ್ ಸಿಡಿದು, ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಗೆ ಬಡೀತು. 1988ರಿಂದ ಈ ಎರಡೂ ಟ್ರ್ಯಾಕಿಗೆ ರಿಸ್ಟ್ರಿಕ್ಟರ್ ಪ್ಲೇಟ್ ಕಡ್ಡಾಯ ಆಯ್ತು. ಕಾರ್ಬುರೇಟರ್ ಮತ್ತು ಇನ್‌ಟೇಕ್ ಮ್ಯಾನಿಫೋಲ್ಡ್ ನಡುವೆ ಕೂರಿಸೋ ಲೋಹದ ತಗಡು ಅದು, ಒಂದಿಂಚಿನ ಆಸುಪಾಸಿನ ನಾಲ್ಕು ತೂತು, ಅಷ್ಟೇ. ಗಾಳಿ ಕಮ್ಮಿ ಆದರೆ ಪೆಟ್ರೋಲೂ ಅಷ್ಟೇ ಉರಿಯುತ್ತೆ, ಬಲ ಇಳಿಯುತ್ತೆ. ಎಲ್ಲರ ಬಲವೂ ಒಂದೇ ಮಟ್ಟಕ್ಕೆ ಬಂದಿದ್ದರಿಂದ ಯಾರೂ ಯಾರನ್ನೂ ಬಿಟ್ಟು ಹೋಗೋಕಾಗಲ್ಲ. ನೀವು ಟಿವಿಯಲ್ಲಿ ನೋಡೋ ಆ ದೊಡ್ಡ ಗುಂಪು ಹುಟ್ಟಿದ್ದು ಆ ತಗಡಿನಿಂದ.

ಹಾಗಾಗಿ ಗೆರೆ ಇಲ್ಲಿ ಇಲ್ಲಿ ಎಳೀರಿ: 1959ರಿಂದ 1987, 1988ರಿಂದ 2019ರ ಡೇಟೋನಾ 500ರ ತನಕ ಪ್ಲೇಟ್, ಅಲ್ಲಿಂದ 2021ರ ತನಕ ಪ್ಲೇಟ್ ಬದಲು ಟೇಪರ್ಡ್ ಸ್ಪೇಸರ್ (ಗಾಳಿ ಕಮ್ಮಿ ಮಾಡೋ, ತೂತು ಕಿರಿದಾಗ್ತಾ ಹೋಗೋ ತಗಡು), 2022ರಿಂದ ನೆಕ್ಸ್ಟ್ ಜೆನ್ ಅನ್ನೋ ಹೊಸ ಮಾದರಿ ಕಾರು, ಈ ಟ್ರ್ಯಾಕುಗಳಿಗೆ 510 ಅಶ್ವಶಕ್ತಿ, ಬೈಕಿನ ಹಾಗೆ ಒಂದಾದ ಮೇಲೆ ಒಂದು ಬೀಳೋ ಐದು ಗೇರು (ಸೀಕ್ವೆನ್ಷಿಯಲ್), 18 ಇಂಚಿನ ಚಕ್ರ. ಈಗ ಪೋಲ್ ಬರೋದು 181, 182 ಮೈಲಿಗೆ, ಸುತ್ತಿಗೆ 49 ಸೆಕೆಂಡ್ ಮೇಲೆ. ಎಲಿಯಟ್ ದಾಖಲೆ ಮುರಿದಿಲ್ಲ ಅಂದರೆ ಈಗಿನವರು ನಿಧಾನ ಅಂತಲ್ಲ, ಎಂಜಿನ್ ಮೂಗು ಹಿಡಿದಿದಾರೆ ಅಂತ.

ಅಟ್ಲಾಂಟಾ ಟ್ರ್ಯಾಕಿನ ಅಂಕಿ ಸೇರಿಸೋ ಯೋಚನೆ ಇದ್ದರೆ 2022ರ ಮೇಲಿನದು ಮಾತ್ರ ತಗೊಳ್ಳಿ. ಆ ವರ್ಷ ತಿರುವನ್ನ 24ರಿಂದ 28 ಡಿಗ್ರಿಗೆ ಏರಿಸಿ ಡೇಟೋನಾ ಥರದ ರೇಸ್ ಮಾಡಿದರು. ಹೆಸರು ಒಂದೇ, ಟ್ರ್ಯಾಕ್ ಬೇರೆ.

*

ನರಸಾಪುರ ಲೈನ್, ಕೋಲಾರ

ಇಬ್ಬರೂ ಪೆಟ್ರೋಲ್ ವಿಷಯ ಬಿಟ್ಟಿದೀರಿ. ನೆಕ್ಸ್ಟ್ ಜೆನ್ ಬಂದಮೇಲೆ ಈ ರೇಸಿನ ಅರ್ಧ ಆಟ ಟ್ಯಾಂಕಲ್ಲೇ ಇದೆ. ಹಾಳೆಯ ಕೆಳಭಾಗ ಇದಕ್ಕೇ ಬಿಡಿ.

ಟ್ಯಾಂಕ್ 20 ಗ್ಯಾಲನ್, ನಮ್ಮ ಲೆಕ್ಕಕ್ಕೆ 75.7 ಲೀಟರ್. ಪೂರ್ತಿ ಒತ್ತಿ ಓಡಿಸಿದರೆ ಹತ್ತಿರಹತ್ತಿರ 40 ಸುತ್ತು. 160 ಕಿ.ಮೀ.ಗೆ 75 ಲೀಟರ್, ಲೀಟರಿಗೆ 2 ಕಿ.ಮೀ. ಚಿಲ್ಲರೆ. ರೇಸಿನ ಹಂತಗಳು 65ನೇ ಮತ್ತು 130ನೇ ಸುತ್ತಿಗೆ ಮುಗೀತವೆ, ಕೊನೆಯದು 200ಕ್ಕೆ. ಪ್ರತಿ ಹಂತದ ಕೊನೆಗೆ ಹಳದಿ ಬಾವುಟ (ಎಲ್ಲರೂ ನಿಧಾನ ಓಡಬೇಕು ಅನ್ನೋ ಸೂಚನೆ) ಇರೋದರಿಂದ ಎಲ್ಲರೂ ಪಿಟ್‌ಗೆ, ಅಂದರೆ ಪೆಟ್ರೋಲ್ ಟೈರ್ ಹಾಕೋ ಜಾಗಕ್ಕೆ, ಬಂದು ತುಂಬಿಸ್ತಾರೆ.

ಈಗ ಕೊನೆಯ ಹಂತ ನೋಡಿ. 130ಕ್ಕೆ ಟ್ಯಾಂಕ್ ಫುಲ್, ಇನ್ನು 70 ಸುತ್ತು. 40ಕ್ಕೆ ಖಾಲಿ ಆಗೋದಾದರೆ 170ರೊಳಗೆ ಬರಲೇಬೇಕು. ಮತ್ತೆ ತುಂಬಿಸಿದ್ದು ಕೊನೆ ತನಕ ಸಾಲಬೇಕಾದರೆ 160ಕ್ಕೆ ಮುಂಚೆ ಬರೋ ಹಾಗಿಲ್ಲ. ಅಂದರೆ 160ರಿಂದ 170, ಹತ್ತೇ ಸುತ್ತಿನ ಅವಕಾಶ. ಬಂದಾಗ ಒಟ್ಟು ಬೇಕಿರೋದು 30 ಸುತ್ತಿನ ಪೆಟ್ರೋಲ್, 15 ಗ್ಯಾಲನ್.

ತುಂಬಿಸೋ ಕ್ಯಾನಿಗೆ ಹಿಡಿಯೋದು ಸುಮಾರು 11 ಗ್ಯಾಲನ್. ತುಂಬಿದ ಕ್ಯಾನ್ 40 ಕೆ.ಜಿ. ಹತ್ತಿರ ತೂಗುತ್ತೆ, ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಮ್ಮಿ. ಒಬ್ಬನೇ ಹೆಗಲೆತ್ತರಕ್ಕೆ ಎತ್ತಿ, ಮೂತಿಯನ್ನ ಕಾರಿನ ಎಡ ಹಿಂಭಾಗದ ಬಾಯಿಗೆ ಒತ್ತಿ, ಬಾಗಿಸಿ ಹಿಡ್ಕೊಂಡು ನಿಲ್ತಾನೆ. ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೇ ಇಳೀಬೇಕು. ಮೂತಿ ಓರೆಯಾಗಿ ಕೂತರೆ ಆಚೆ ಚೆಲ್ಲುತ್ತೆ, ಒಳಗೆ ಹೋಗಿದ್ದೆಷ್ಟು ಅನ್ನೋದೇ ತಿಳಿಯಲ್ಲ. 15 ಗ್ಯಾಲನ್‌ಗೆ ಎರಡು ಕ್ಯಾನ್ ಬೇಕು. ನಡುವೆ ಖಾಲಿದು ಕೊಟ್ಟು ತುಂಬಿದ್ದು ತಗೊಳ್ಳೋ ಹೊತ್ತು ಬೇರೆ. ಚಕ್ರಕ್ಕೆ ಈಗ ಮಧ್ಯದಲ್ಲಿ ಒಂದೇ ನಟ್, ಮೊದಲಿನ ಹಾಗೆ ಐದಲ್ಲ. ನಾಲ್ಕೂ ಟೈರ್ ಹತ್ತು ಸೆಕೆಂಡ್ ಒಳಗೆ ಮುಗೀತದೆ. ಹಾಗಾಗಿ ಕಾರು ಎಷ್ಟು ಹೊತ್ತು ನಿಲ್ಲಬೇಕು ಅಂತ ಹೇಳೋದು ಟೈರ್ ಅಲ್ಲ, ಕ್ಯಾನ್.

ಈಗ ಒಬ್ಬ ಕಾಲು ಸಡಿಲ ಮಾಡಿ, ಮುಂದಿನವನ ಗಾಳಿಮರೆಯಲ್ಲಿ ಓಡಿಸಿ 48 ಸುತ್ತು ಎಳೆದ ಅಂತಿಟ್ಕೊಳ್ಳಿ. 70 ಸುತ್ತಿಗೆ ಬೇಕಾಗೋದು 29 ಗ್ಯಾಲನ್ ಚಿಲ್ಲರೆ, 20 ಆಗಲೇ ಟ್ಯಾಂಕಲ್ಲಿತ್ತು. ಬಾಕಿ 9 ಗ್ಯಾಲನ್, 35 ಲೀಟರ್. ಒಂದೇ ಕ್ಯಾನ್! ಅವನು ಎರಡು ಕ್ಯಾನಿನವನಿಗಿಂತ ಎಷ್ಟೋ ಮುಂಚೆ ಹೊರಡ್ತಾನೆ. ಟ್ರ್ಯಾಕಿನಲ್ಲಿ ಒಬ್ಬೊಬ್ಬರನ್ನೇ ದಾಟೋಕೆ ಪರದಾಡೋ ಹತ್ತು ಹದಿನೈದು ಸ್ಥಾನ ಪಿಟ್ಟಲ್ಲಿ ಬಿಟ್ಟಿ ಸಿಗುತ್ತೆ. ಹಂತದ ಮಧ್ಯದಲ್ಲಿ ಮುಂದಿನ ಕಾರುಗಳೇ ನಿಧಾನ ಓಡ್ತಿದ್ದರೆ ನಿಮ್ಮ ಜನ ಬೇಜಾರಾಗಬಹುದು. ಆಗ ಈ ಲೆಕ್ಕ ತೋರಿಸಿ, ಅಲ್ಲಿ ಏನು ನಡೀತಿದೆ ಅಂತ ತಿಳಿಯುತ್ತೆ.

ಇದು ಕೆಡೋದು ಎರಡು ಕಡೆ. ನಡುವೆ ಹಳದಿ ಬಾವುಟ ಬಂದರೆ ಎಲ್ಲರೂ ಒಟ್ಟಿಗೆ ತುಂಬಿಸ್ಕೊಳ್ತಾರೆ, ಉಳಿಸಿದ್ದು ನೀರುಪಾಲು. ಇನ್ನೊಂದು, ಪಿಟ್‌ಗೆ ಒಂಟಿಯಾಗಿ ಬರೋದು. ಹೊರಗೆ ಹೋದಾಗ ಜೊತೆಗೆ ನಾಲ್ಕೈದು ಕಾರು ಇಲ್ಲದಿದ್ದರೆ ಗಾಳಿಮರೆ ಸಿಗಲ್ಲ, ಗುಂಪು ಬಂದು ಸುತ್ತು ಹಿಂದೆ ಹಾಕುತ್ತೆ. ಅದಕ್ಕೇ ಷೆವ್ರೊಲೆಟ್, ಫೋರ್ಡ್, ಟೊಯೋಟಾ ಅಂತ ಕಂಪನಿವಾರು ಜೊತೆಗೂಡಿ ಒಳಗೆ ಬರ್ತಾರೆ. ಪ್ರತಿ ಡ್ರೈವರ್ ಹೆಸರಿನ ಮುಂದೆ ಎಂಜಿನ್ ಕಂಪನಿಗೆ ಒಂದು ಬಣ್ಣ ಹಾಕಿ.

*

ಶಿರಾಗೇಟ್_ಸ್ಪ್ಯಾನರ್, ತುಮಕೂರು

ಮೂವರಿಗೂ ಶರಣು. ಸರಾಸರಿ ಕಾಲಂ ತೆಗೆದುಹಾಕಿದೆ, ಕ್ಯಾನ್ ಲೆಕ್ಕಕ್ಕೆ ಹಾಳೆಯ ಕೆಳಗಿನ ಅರ್ಧ ಬಿಟ್ಟಿದೀನಿ. ಇತಿಹಾಸದ ಭಾಗದಲ್ಲಿ ಒಂದು ಗೊಂದಲ. ಡೇಲ್ ಅರ್ನ್‌ಹಾರ್ಟ್ ಡೇಟೋನಾದಲ್ಲಿ 34 ಗೆಲುವು ಅಂತ ಒಂದು ಕಡೆ, 3 ಅಂತ ಇನ್ನೊಂದು ಕಡೆ, 1 ಅಂತ ಮತ್ತೊಂದು ಕಡೆ ಇದೆ. ಯಾವುದು ಹಾಕಲಿ?

*

ಚಿಂತಾಮಣಿ_43

ಮೂರೂ ಸರಿ, ಎಣಿಸಿದ್ದು ಬೇರೆ ಬೇರೆ. 34 ಅಂದರೆ ಆ ಟ್ರ್ಯಾಕಿನ ಎಲ್ಲಾ ಬಗೆಯ ರೇಸ್ ಸೇರಿ: ಅರ್ಹತಾ ರೇಸ್, ಪ್ರದರ್ಶನ ರೇಸ್, ಕೆಳಗಿನ ಸರಣಿ ಎಲ್ಲಾ. 3 ಅಂದರೆ ನಾಸ್ಕಾರಿನ ಮುಖ್ಯ ಸರಣಿಯಾದ ಕಪ್ ಸರಣಿಯಲ್ಲಿ ಪಾಯಿಂಟ್ ಇರೋ ರೇಸ್, ಅದರಲ್ಲಿ ಎರಡು 1990 ಮತ್ತು 1993ರ ಜುಲೈ ರೇಸ್, ಅಂದರೆ ಅದೇ ಟ್ರ್ಯಾಕಿನಲ್ಲಿ ವರ್ಷದ ಎರಡನೇ ಕಪ್ ರೇಸ್. ಡೇಟೋನಾ 500 ಅಂತ ಗೆದ್ದದ್ದು ಒಂದೇ, 1998ರಲ್ಲಿ, 20ನೇ ಪ್ರಯತ್ನಕ್ಕೆ. ಅವತ್ತು ಪಿಟ್ ದಾರಿಯುದ್ದಕ್ಕೂ ಬೇರೆ ತಂಡದವರೆಲ್ಲ ಸಾಲಾಗಿ ನಿಂತು ಕೈ ಕೊಟ್ಟರು. 2001ರಲ್ಲಿ ಅದೇ ರೇಸಿನ ಕೊನೆಯ ಸುತ್ತಲ್ಲಿ ಅವರು ತೀರಿಕೊಂಡರು. ನಿಮ್ಮ ಹಾಳೆಗೆ 1 ಹಾಕಿ.

ರಿಚರ್ಡ್ ಪೆಟ್ಟಿ ವಿಷಯದಲ್ಲೂ ಹೀಗೇ. ಡೇಟೋನಾ 500 ಏಳು (1964, 66, 71, 73, 74, 79, 81), ಜುಲೈ ರೇಸ್ ಸೇರಿಸಿದರೆ ಹತ್ತು. ಆ ಹತ್ತನೆಯದೇ 1984ರ ಜುಲೈ 4ರದ್ದು, ಅವರ 200ನೇ ಗೆಲುವು. ಟೋನಿ ಸ್ಟೀವರ್ಟ್ ಜುಲೈ ರೇಸ್ ನಾಲ್ಕು ಸಲ ಗೆದ್ದರೂ 500 ಒಂದೂ ಇಲ್ಲ. ಜುಲೈ ರೇಸ್ ಕಾಲಕಾಲಕ್ಕೆ ಹೆಸರು ಬದಲಿಸಿಕೊಂಡಿದೆ, 2020ರಿಂದ ಆಗಸ್ಟಿಗೆ ಹೋಗಿದೆ. ಹೆಸರಿನಿಂದ ಹುಡುಕದೆ ತಿಂಗಳಿನಿಂದ ಹುಡುಕಿ.

ಲ್ಯಾಪ್ ಕಾಲಂನಲ್ಲೂ ಕೆಲವು ವರ್ಷ 200 ಇರಲ್ಲ, ಗಾಬರಿ ಬೇಡ. 1974ರಲ್ಲಿ ತೈಲ ಬಿಕ್ಕಟ್ಟಿಗೆ 50 ಮೈಲಿ ಕಡಿತ ಮಾಡಿ, 20 ಸುತ್ತು ಆಗಲೇ ಮುಗಿದಿದೆ ಅಂತ ಎಣಿಸಿ ಶುರು ಮಾಡಿದರು. 2003ರಲ್ಲಿ ಮಳೆಗೆ 109ಕ್ಕೆ, 2009ರಲ್ಲಿ 152ಕ್ಕೆ ನಿಂತಿತು. 2023ರಲ್ಲಿ ಓವರ್‌ಟೈಮ್ (ಕೊನೆಯಲ್ಲಿ ಹಳದಿ ಬಾವುಟ ಬಂದಾಗ ಸೇರಿಸೋ ಹೆಚ್ಚುವರಿ ಸುತ್ತು) ಬೆಳೆದು 212, ಅದೇ ಈ ತನಕದ ಅತಿ ಉದ್ದದ್ದು. ಅತಿ ವೇಗದ ರೇಸ್ ಇವತ್ತಿಗೂ 1980ರದ್ದೇ: ಬಡ್ಡಿ ಬೇಕರ್, ಸರಾಸರಿ 177.602 ಮೈಲಿ.

ಮೊದಲ ರೇಸಿಗೆ ಒಂದು ಚೌಕ ಮೀಸಲಿಡಿ. 1959ರ ಫೆಬ್ರವರಿ 22, ಲೀ ಪೆಟ್ಟಿ ಮತ್ತು ಜಾನಿ ಬೋಶಾಂಪ್ ಅಕ್ಕಪಕ್ಕ ಗೆರೆ ದಾಟಿದರು, ಅವರ ಜೊತೆ ಸುತ್ತು ಹಿಂದಿದ್ದ ಮೂರನೇ ಕಾರೂ ಇತ್ತು. ಮೊದಲು ಬೋಶಾಂಪ್ ಗೆದ್ದರು ಅಂದರು. ಫೋಟೋ, ಸುದ್ದಿಚಿತ್ರ ಎಲ್ಲಾ ತರಿಸಿ ನೋಡಿ ಮೂರು ದಿನದ ಮೇಲೆ ಲೀ ಪೆಟ್ಟಿ ಅಂತ ತೀರ್ಪಾಯ್ತು. ಹೊಸಬರಿಗೆ ಹಿಡಿಸೋದು ಇಂಥದ್ದೇ.

ಸತತ ಎರಡು ವರ್ಷ ಗೆದ್ದವರು 2025ರ ತನಕ ಐವರು: ಪೆಟ್ಟಿ, ಕೇಲ್ ಯಾರ್ಬರೋ, ಸ್ಟರ್ಲಿಂಗ್ ಮಾರ್ಲಿನ್, ಹ್ಯಾಮ್ಲಿನ್, ಈಗ 2024 ಮತ್ತು 25ರಲ್ಲಿ ವಿಲಿಯಂ ಬೈರನ್. ಸತತ ಮೂರು ಯಾರಿಗೂ ಆಗಿಲ್ಲ, ಅದನ್ನ ಮೇಲ್ಗಡೆನೇ ಬರೀರಿ.

*

ಗೌರಿಬಿದನೂರು ಗೇರ್

ಸಮಯ ಒಂದು ಸರಿಯಾಗಿ ಹಾಕಿ ಅಣ್ಣ. ಫೆಬ್ರವರಿಯಲ್ಲಿ ಅಲ್ಲಿಯ ಗಡಿಯಾರಕ್ಕೆ ಹತ್ತೂವರೆ ಗಂಟೆ ಸೇರಿಸಬೇಕು. ಭಾನುವಾರ ಮಧ್ಯಾಹ್ನ 2:30 ಅಂದರೆ ನಮಗೆ ರಾತ್ರಿ ಕಳೆದು ಸೋಮವಾರ 1 ಗಂಟೆ. ಆಗಸ್ಟ್ ರೇಸಿಗೆ ಒಂಬತ್ತೂವರೆ ಮಾತ್ರ. ಹಾಳೆಯಲ್ಲಿ ಭಾನುವಾರ ರಾತ್ರಿ 1 ಗಂಟೆ ಅಂತ ಬರೆದರೆ ಅರ್ಧ ಜನ ಶನಿವಾರ ರಾತ್ರಿನೇ ಬಂದು ಗ್ಯಾರೇಜ್ ಬಾಗಿಲು ತಟ್ಟುತ್ತಾರೆ.